ಮತ್ತಿಮರದ ಹೊಟ್ಟೆಯ ನೀರು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ, ಮಗಾ. ಬೆಟ್ಟಗಳು ಆಗಷ್ಟೇ ಎದ್ದು ನಿಂತಿದ್ದವು. ಮತ್ತಿಮರದ ಮೈ ಆಗ ಬಾಳೆದಿಂಡಿನ ಹಾಗೆ ನುಣ್ಣಗಿತ್ತು.

ಮೊದಲನೇ ಬೇಸಿಗೆ ಬಂತು. ಬೇಸಿಗೆ ಅಂದರೇನು ಅಂತ ಯಾರಿಗೂ ಗೊತ್ತಿರಲಿಲ್ಲ. ಹೊಳೆ ಸಣ್ಣಗಾಗುತ್ತಾ ಆಗುತ್ತಾ ಮತ್ತಿಯ ಬುಡಕ್ಕೆ ಬಂತು.

"ತಮ್ಮಾ, ಬತ್ತಿಹೋಗ್ತಿದೀನಿ. ಮಳೆ ಬರೋವರೆಗೂ ನನ್ನ ನೀರು ಇಟ್ಕೊಂಡಿರ್ತೀಯಾ?"

"ಕೊಡಕ್ಕಾ," ಅಂತು ಮತ್ತಿ. ಗಟಗಟ ಕುಡಿಯಿತು. ಹೊಟ್ಟೆ ಉಬ್ಬಿತು, ಉಬ್ಬಿತು, ನುಣ್ಣನೆ ತೊಗಟೆ ಚಟಚಟ ಬಿರಿಯಿತು.

ಸುತ್ತಲ ಮರಗಳು ನಕ್ಕವು. "ನೋಡ್ರೋ, ಮೊಸಳೆ ಎದ್ದು ನಿಂತಿದೆ."

"ಏನಾದರೂ ಅನ್ನಿ. ಕಾಡಿನ ನೀರೆಲ್ಲ ಇರೋದು ನನ್ನ ಹೊಟ್ಟೇಲಿ," ಅಂತ ಮತ್ತಿ ಇನ್ನೂ ನೆಟ್ಟಗೆ ನಿಂತಿತು.

ನಮಗೆಲ್ಲ ಅಜ್ಜಿಯ ಅಜ್ಜಿ ಕೇತಿ ಅದೇ ಕಾಡಲ್ಲಿ ಗುಡಿಸಲು ಕಟ್ಟುತ್ತಿದ್ದಳು. ಕಂಬಕ್ಕೆ ಅಂತ ಮತ್ತಿಗೆ ಒಂದು ಕೊಡಲಿ ಏಟು ಹಾಕಿದಳು. ಬುಸ್ ಅಂತ ನೀರು ಚಿಮ್ಮಿತು. ಜಿಂಕೆ ಕುಡಿಯಿತು, ಕೋತಿ ಕುಡಿಯಿತು. ಆದರೂ ನೀರು ನಿಲ್ಲಲಿಲ್ಲ, ಹರಿದು ಮಣ್ಣಲ್ಲಿ ಇಂಗತೊಡಗಿತು.

"ಮುಚ್ಚು ಕೇತವ್ವಾ," ಮತ್ತಿ ಗೋಗರೆಯಿತು. "ಇದು ಖಾಲಿಯಾದರೆ ಮಳೆ ನೋಡೋಕೆ ಯಾರೂ ಉಳಿಯೋಲ್ಲ."

ಕೇತಿ ಹಸಿ ಕೊಂಬೆ ಕಡಿದು, ಬೆಣೆ ಮಾಡಿ ತೂತಿಗೆ ಬಡಿದಳು. ಸುತ್ತಲಿಂದ ನೀರು ಸೋರುತ್ತಲೇ ಇತ್ತು. ಇನ್ನೊಂದು ಬಡಿದಳು. ಅದೂ ಸೋರಿತು.

ಮೇಲಿಂದ ಮರಕುಟಿಗ ಇಣುಕಿತು. "ಮುಚ್ಚೋಕೆ ಬರದವರು ಯಾಕವ್ವಾ ತೂತು ಮಾಡಬೇಕು?"

"ಸುಮ್ಮನಿರಪ್ಪಾ, ದಿನವೆಲ್ಲಾ ಕೊರೀತೀಯಲ್ಲ, ನೀನು ಒಂದಾದರೂ ಮುಚ್ಚಿದೀಯಾ?"

ಮರಕುಟಿಗ ಆ ಕಡೆ ತಿರುಗಿ ಕೂತಿತು.

ಕೇತಿ ಸೋರುವ ಬೆಣೆಯನ್ನು ಮುಟ್ಟಿ ಮುಟ್ಟಿ ನೋಡಿದಳು. ಹಸಿ ಕೊಂಬೆ ಆಗಲೇ ಹೊಟ್ಟೆ ತುಂಬಾ ಕುಡಿದಿದೆ, ಇನ್ನೆಲ್ಲಿ ಉಬ್ಬೀತು? ಬಾಯಾರಿದ ಕಟ್ಟಿಗೆ ಬೇಕು. ಆಗಷ್ಟೇ ಹುಟ್ಟಿದ ಕಾಡಲ್ಲಿ ಒಣಮರ ಇನ್ನೂ ಇರಲಿಲ್ಲ. ಒಲೆಯ ಮೇಲೆ ತೂಗುಹಾಕಿ ತಿಂಗಳುಗಟ್ಟಲೆ ಒಣಗಿಸಿ ಮಾಡಿದ್ದು ಅವಳ ಹತ್ತಿರ ಒಂದೇ ಇತ್ತು, ಕೊಡಲಿಯ ಕಾವು. ಕೊಡಲಿ ಇಲ್ಲದಿದ್ದರೆ ಗುಡಿಸಲೂ ಇಲ್ಲ. ಆದರೂ ಕಾವು ಕಿತ್ತಳು. ಅಲಗನ್ನು ಕೈಯಲ್ಲೇ ಹಿಡಿದು ಕಾವಿನ ತುದಿ ಕೆತ್ತಿ, ತೂತಿಗಿಟ್ಟು ಕಲ್ಲಿನಿಂದ ಬಡಿದಳು.

ಒಣ ಕಾವು ನೀರು ಹೀರಿತು, ಹೀರಿ ಊದಿತು, ಊದಿ ಬಿಗಿಯಿತು. ಒಂದು ಹನಿಯೂ ಆಚೆ ಬರಲಿಲ್ಲ.

"ಇವಳಿಗೆ ಮರದ ಮನಸ್ಸು ಗೊತ್ತು," ಅಂತು ಮತ್ತಿ. "ಕೇತವ್ವಾ, ನಿನ್ನ ಮಕ್ಕಳು ಮರಿಗಳು ಯಾವಾಗ ಬಂದರೂ ನನ್ನ ಹೊಟ್ಟೆ ತೆರೀಲಿ. ಅವರಿಗೆ ಮುಚ್ಚೋಕೆ ಬರುತ್ತೆ."

ಬೇಸಿಗೇಲಿ ಕಾಡಿಗೆ ಹೋದಾಗ ನೀನೇ ನೋಡು ಮಗಾ, ಮೊಸಳೆಯಂತೆ ಮೈ ಬಿರಿದ ಮತ್ತಿ ಹೊಟ್ಟೆ ಮುಂದಕ್ಕಿಟ್ಟು ನಿಂತಿರುತ್ತೆ, ನಾವು ಬೊಗಸೆ ನೀರು ಕುಡಿದು ಒಣ ಬೆಣೆ ಬಡಿದೇ ಮುಂದೆ ಹೋಗುತ್ತೇವೆ.