ಗರಡಿಯ ಗೋಡೆ ಬರೆದ ಗಿರೆವ್ವ

ಅದಕ್ಕೆ ನಮ್ಮೂರ ಕಡೆ ಏನೋ ಒಂದು ಹೆಸರಿತ್ತು. ಸೊಟ್ಟಗೊಂಬೆಯೋ, ಸೊಟ್ಟಮೋರೆಯೋ... ನಾಲಿಗೆಯ ತುದಿಯಲ್ಲಿದೆ, ಬರುತ್ತಿಲ್ಲ. ಮನುಷ್ಯರ ಮೂಗನ್ನು ಉದ್ದ ಮಾಡಿ, ಹೊಟ್ಟೆಯನ್ನು ಗಡಿಗೆ ಮಾಡಿ, ನೋಡಿದವರು ನಗುವ ಹಾಗೆ ಬರೆಯುತ್ತಾರಲ್ಲ, ಆ ಚಿತ್ರ. ಪೇಪರಿನವರು ವ್ಯಂಗ್ಯಚಿತ್ರ ಅನ್ನುತ್ತಾರೆ. ನಮ್ಮವ್ವ ಹಾಗೆ ಅನ್ನುತ್ತಿರಲಿಲ್ಲ. ನಾನು ಈ ನಾಗಪುರಕ್ಕೆ ಬಂದು ಮುದುಕಿಯಾದೆ, ಇಲ್ಲಿ ಆ ಮಾತು ಯಾರ ಬಾಯಲ್ಲೂ ಕೇಳಲಿಲ್ಲ. ಹೋಗಲಿ, ಸೊಟ್ಟಗೊಂಬೆ ಅಂತಲೇ ಇಟ್ಟುಕೊಳ್ಳೋಣ. ಹೆಸರು ಮರೆತರೂ ಬರೆದವಳನ್ನು ಮರೆತಿಲ್ಲ.

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಿಂದೆ, ಹಿರೇಬಾವಿ ಎಂಬ ಒಂದು ಊರಲ್ಲಿ ಗಿರೆವ್ವ ಎಂಬ ಹುಡುಗಿ ಇದ್ದಳಂತೆ. ಚಿತ್ರಗಾರರ ಮನೆಯವಳು. ಊರಿನ ತೊಟ್ಟಿಲಿಗೆ ಗಿಳಿ ಬರೆಯುವವರು, ಬಾಗಿಲಿಗೆ ಬಳ್ಳಿ ಬರೆಯುವವರು ಅವರೇ. ಆ ಊರಿನ ಪೈಲ್ವಾನರು ಹೊಸ ಗರಡಿಮನೆ ಕಟ್ಟಿಸಿದರಂತೆ. ಅದಕ್ಕೆ ಚಿತ್ರ ಬರೆಯುವ ಕೆಲಸ ಗಿರೆವ್ವನ ಅಪ್ಪನದು. ಒಳಗಿನ ಗೋಡೆಗೆಲ್ಲ ಹನುಮಂತನನ್ನು, ಭೀಮನನ್ನು ಬರೆದು ಮುಗಿಸಿದ. ಹೊರಗಿನ ಗೋಡೆ ಮುಟ್ಟುವ ಮೊದಲೇ ಜ್ವರ ಬಂದು ತೀರಿಹೋದ.

ನಾಗರ ಪಂಚಮಿಗೆ ಗರಡಿಯಲ್ಲಿ ಪೂಜೆ, ಕುಸ್ತಿ. ಅಷ್ಟರೊಳಗೆ ಹೊರಗೋಡೆ ಮುಗಿಯಬೇಕು. ಮುಗಿಯದಿದ್ದರೆ ಬೇರೆ ಊರಿನ ಚಿತ್ರಗಾರರನ್ನು ಕರೆಸುತ್ತೇವೆ, ಊರಿನ ಚಿತ್ರದ ಕೆಲಸವೆಲ್ಲ ಇನ್ನು ಮುಂದೆ ಅವರಿಗೇ ಎಂದು ಹಿರಿಯರು ಹೇಳಿದರಂತೆ. ಗಿರೆವ್ವನಿಗೆ ಅಣ್ಣತಮ್ಮಂದಿರಿಲ್ಲ. ಅವಳು ಅಪ್ಪನ ಕುಂಚಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗರಡಿಯ ಮುಂದೆ ಹೋಗಿ ನಿಂತಳಂತೆ.

ಗರಡಿಯ ಹಿರಿಯನಿಗೆ ವಸ್ತಾದಿ ಎನ್ನುತ್ತಾರೆ. ಆಗಿನ ವಸ್ತಾದಿ ಭರಮಪ್ಪ. ಅವನು ಕೆಮ್ಮಿದರೆ ಊರ ನಾಯಿಗಳು ಸುಮ್ಮನಾಗುತ್ತಿದ್ದವಂತೆ.

"ನಮ್ಮ ಹುಡುಗರನ್ನ ಸಿಂಹದಂಗ ಬರೀಬೇಕು. ಬರೀತಿಯೇನ?" ಅಂದ.

"ಬರೀತೀನಿ ವಸ್ತಾದಿ. ಒಮ್ಮೆ ಒಳಗ ಕುಂತು ಅವರ ಕುಸ್ತಿ ನೋಡ್ತೀನಿ. ನೋಡದ ಹೆಂಗ ಬರೀಲಿ?"

ಪೈಲ್ವಾನರೆಲ್ಲ ನಕ್ಕರಂತೆ. ಹೆಣ್ಣು ಗರಡಿಯ ಹೊಸ್ತಿಲು ದಾಟುವಂತಿಲ್ಲ. ಹೆಣ್ಣಿನ ನೆರಳು ಬಿದ್ದರೆ ಗರಡಿಯ ಮಣ್ಣು ಸತ್ತುಹೋಗುತ್ತದೆ, ಆ ಮಣ್ಣಿನಲ್ಲಿ ಆಡಿದವನ ತೋಳು ಸೋಲುತ್ತದೆ ಎಂಬ ನಂಬಿಕೆ. ವಸ್ತಾದಿ ಮೀಸೆ ತಿರುವಿ ಅಂದನಂತೆ, "ಒಳಗ ಬರೂ ಮಾತು ಬಿಡು. ನೀ ಏನ್ ಕಂಡೀ ಅದನ್ನ ಬರಿ ಹೋಗು."

ಗಿರೆವ್ವ ಆ ಮಾತನ್ನು ಹಿಡಿದುಕೊಂಡಳು. ಬಿಡಲೇ ಇಲ್ಲ.

ಅವಳು ಕಂಡದ್ದೇನು? ಬೀದಿಯಲ್ಲಿ ಕಂಡದ್ದು. ದೊಡ್ಡ ಪೈಲ್ವಾನ ಯಮನಪ್ಪನನ್ನು ಅವನ ಅವ್ವ ಕಿವಿ ಹಿಡಿದು ಎಳೆದುಕೊಂಡು ಹೋದದ್ದು ಕಂಡಿದ್ದಳು. ಅದನ್ನೇ ಬರೆದಳು. ತೊಡೆ ಎರಡು ಕಂಬ, ತಲೆ ಒಂದು ನಿಂಬೆಹಣ್ಣು, ಕಿವಿ ಮಾತ್ರ ಮೊರದಷ್ಟು. ಹುತುತು ಎಂದು ಕಬಡ್ಡಿ ಆಡುವವನನ್ನು ಬರೆದಳು, ಉಸಿರು ಹಿಡಿದು ಹಿಡಿದು ಕೆನ್ನೆ ಪೂರಿಯಾಗಿತ್ತು. ಗುಂಡುಕಲ್ಲು ಎತ್ತುವವನನ್ನು ಬರೆದಳು, ಕಲ್ಲು ನೆಲದಲ್ಲೇ ಇತ್ತು, ಅವನ ಕಣ್ಣುಗುಡ್ಡೆ ಎರಡೂ ಮೇಲೆ ಹೋಗಿದ್ದವು. ನೀರಿಗೆ ಹೋಗುವ ಹೆಂಗಸರು ಕೊಡ ಇಳಿಸಿ ನಕ್ಕರಂತೆ. ಯಮನಪ್ಪನ ಅವ್ವನೂ ಬಂದು ನೋಡಿ, "ಖರೇನ ಬರದಾಳ ನೋಡ್ರೆವಾ, ನನ್ನ ಕೈಬಳಿ ಸೈತ ಬಿಟ್ಟಿಲ್ಲ," ಅಂದಳಂತೆ.

ಪೈಲ್ವಾನರು ನೀರು ಎರಚಿ ಎಲ್ಲವನ್ನೂ ತೊಳೆದುಹಾಕಿದರು. ಗಿರೆವ್ವ ಮತ್ತೆ ಬರೆದಳು. ಅವರು ಮತ್ತೆ ತೊಳೆದರು. ಅವಳು ಮತ್ತೆ ಬರೆದಳು. ಹುಣಸೆ ಬೀಜದ ಅಂಟು ಹಾಕಿ ಕಲಸಿದ ಬಣ್ಣ ಅದು, ನೀರು ಬಿದ್ದರೆ ಇಳಿದುಹೋಗುತ್ತಿತ್ತು. ಕೊನೆಗೆ ಬೇಸತ್ತು, ಇದರ ಗುರುತೇ ಉಳಿಯಬಾರದು ಎಂದು, ನಸುಕಿನಲ್ಲಿ ಗೋಡೆಗೆಲ್ಲ ಸುಣ್ಣ ಬಳಿದು ಒಳಗೆ ತಾಲೀಮಿಗೆ ಹೋದರಂತೆ.

ಅವರು ತಪ್ಪಿದ್ದು ಅಲ್ಲೇ.

ಗಿರೆವ್ವ ಬಂದು ನೋಡಿದಳು. ಗೋಡೆ ಬೆಳ್ಳಗೆ, ಒದ್ದೆ. ಮನೆಯಲ್ಲಿ ಅಂಟು ಖಾಲಿಯಾಗಿತ್ತು. ಸಿಟ್ಟಿನಲ್ಲಿ ಕೆಮ್ಮಣ್ಣನ್ನು ಬರೀ ನೀರಿನಲ್ಲಿ ಕಲಸಿ ಹಸಿ ಸುಣ್ಣದ ಮೇಲೆಯೇ ಬರೆದಳಂತೆ. ಮರುದಿನ ಪೈಲ್ವಾನರು ಕೊಡಗಟ್ಟಲೆ ನೀರು ಹೊಯ್ದರು. ಯಮನಪ್ಪನ ಕಿವಿ ಹೋಗಲಿಲ್ಲ. ಉಜ್ಜಿದರು, ಹೋಗಲಿಲ್ಲ. ನೀರು ಬಿದ್ದಷ್ಟೂ ತೊಳೆದ ಮುಖದಂತೆ ಹೊಳೆಯಿತಂತೆ. ಹಸಿ ಸುಣ್ಣ ಬಣ್ಣವನ್ನು ಕುಡಿದುಬಿಟ್ಟಿತ್ತು.

ಮತ್ತೆ ಸುಣ್ಣ ಬಳಿದರು. ಅವಳಿಗೆ ಬೇಕಾದದ್ದೂ ಅದೇ. "ಬಳೀರಿ, ಚಲೋ ಮಾಡಿ ಬಳೀರಿ. ಒಣಾ ಗ್ವಾಡಿ ನನಗೂ ಬ್ಯಾಡ," ಎಂದು ಬೀದಿಯಲ್ಲಿ ನಿಂತು ಕೂಗುತ್ತಿದ್ದಳಂತೆ.

ಸುಣ್ಣ ಒಣಗುವ ತನಕ ಕಾವಲು ನಿಲ್ಲಬಾರದಾಗಿತ್ತೇ ಎಂದು ನೀವು ಕೇಳಬಹುದು. ನಿಲ್ಲುವಂತಿರಲಿಲ್ಲ. ನಸುಕಿಗೆ ತಾಲೀಮು, ವಸ್ತಾದಿಯ ತಾಲೀಮು ತಪ್ಪಿಸುವ ಗಂಡಸು ಆ ಊರಲ್ಲಿ ಹುಟ್ಟಿರಲಿಲ್ಲ. ಒಂದು ಹುಡುಗಿಗೆ ಹೆದರಿ ತಾಲೀಮಿನ ಹೊತ್ತು ಬದಲಿಸಿದರೆ ಸುತ್ತಲಿನ ಹಳ್ಳಿಗಳು ನಕ್ಕಾವು. ಮೈಗೆ ಗರಡಿಯ ಮಣ್ಣು ಹತ್ತಿದ ಮೇಲೆ, ವಸ್ತಾದಿ ಸಾಕು ಎನ್ನುವ ತನಕ ಹೊಸ್ತಿಲು ದಾಟಬಾರದು. ಅದೂ ಗರಡಿಯ ಕಟ್ಟು. ಅವಳನ್ನು ಹೊರಗಿಟ್ಟ ಹೊಸ್ತಿಲೇ ಅವರನ್ನು ಒಳಗಿಟ್ಟಿತು. ಹೊರಗೆ ಕುಂಚ ಸರಸರ ಓಡುವುದು, ಹೆಂಗಸರು ಕಿಸಿಕಿಸಿ ನಗುವುದು ಒಳಗೆ ಕೇಳುತ್ತಿತ್ತು. ಯಾರನ್ನು ಬರೆಯುತ್ತಿದ್ದಾಳೋ ಎಂದು ಕಿವಿಗೊಟ್ಟು ಪೈಲ್ವಾನರು ಪಟ್ಟು ತಪ್ಪಿ ಬೀಳುತ್ತಿದ್ದರಂತೆ.

ಹೀಗೆ ಅವರು ಬಳಿದರು, ಇವಳು ಬರೆದಳು. ಬಳಿದು ಬಳಿದು ಅವರು ಸೋತು ಬಿಟ್ಟಂತೆ ಎಡಗೋಡೆ ಮುಗಿಯಿತು, ಬಲಗೋಡೆ ಮುಗಿಯಿತು. ಸುಣ್ಣದ ಮೇಲೆ ಸುಣ್ಣ ಕೂತು ಗೋಡೆ ಗೇಣುದ್ದ ಮುಂದೆ ಬಂತು ಎಂದೂ ಹೇಳುತ್ತಾರೆ. ಬಾಗಿಲಿನ ಆಚೀಚೆ ಮಾತ್ರ ಉಳಿಯಿತು.

ಪಂಚಮಿ ಹತ್ತಿರ ಬಂತು. ಊರ ಹಿರಿಯರು ಸೇರಿ ಗಿರೆವ್ವನನ್ನು ಕರೆಸಿದರು. ಬಾಗಿಲಿನ ಪಕ್ಕ ಸಿಂಹದಂಥ ಪೈಲ್ವಾನರನ್ನು ಬರೆ, ಇಲ್ಲವಾದರೆ ಕುಂಚ ಕೊಟ್ಟು ಊರು ಬಿಡು ಅಂದರಂತೆ.

ಗಿರೆವ್ವ ತಲೆ ತಗ್ಗಿಸಲಿಲ್ಲ. "ನಾ ಏನ್ ಕಂಡೀನಿ ಅದನ್ನ ಬರಿ ಅಂದವರು ವಸ್ತಾದಿ. ಅವರ ಮಾತು ನಾ ಮೀರಿಲ್ಲ. ನಾ ಸಿಂಹ ಕಂಡಿಲ್ಲ. ನಿಮ್ಮ ಗರಡ್ಯಾಗ ಅದಾವು ಅಂತೀರಿ. ಹಂಗಾರ ಬಾಗಿಲಾ ತಗೀರಿ, ನೋಡ್ತೀನಿ. ಕುಂಚ ನಮ್ಮಪ್ಪಂದು, ಕೊಡೂದಿಲ್ಲ."

ಹಿರಿಯರು ವಸ್ತಾದಿಯ ಮುಖ ನೋಡಿದರು. ವಸ್ತಾದಿ ನೆಲ ನೋಡಿದ. ಆಡಿದ ಮಾತು ಅವನದೇ. ಯಾರಾದರೂ ಕರೆಯಲಿ ಎಂದು ಗಿರೆವ್ವ ಕಾಯಲಿಲ್ಲ. ನೇರವಾಗಿ ನಡೆದು, ಬಾಗಿಲು ತಳ್ಳಿ, ಹೊಸ್ತಿಲು ದಾಟಿ, ಗರಡಿಯ ಮಣ್ಣಿನ ಅಂಚಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳಂತೆ. ಮಣ್ಣು ಬಿರಿಯಲಿಲ್ಲ. ದೀಪ ಆರಲಿಲ್ಲ. ಯಾರ ತೋಳೂ ಉದುರಿ ಬೀಳಲಿಲ್ಲ.

"ಏಳ್ರಿ ಯಮನಪ್ಪಣ್ಣ, ಆಡ್ರಿ," ಅಂದಳಂತೆ. "ಸಿಂಹ ತೋರಸ್ರಿ."

ಅವರು ಆಡಿದರು. ಹಿಂದೆಂದೂ ಹಾಗೆ ಆಡಿದ್ದೇ ಇಲ್ಲವಂತೆ.

ಹೊರಗೆ ಬಂದು ಗಿರೆವ್ವ ತಾನೇ ಸುಣ್ಣ ಬಳಿದು, ಕಂಡದ್ದನ್ನು ಬರೆದಳು. ತೋಳಿನ ಬಲವನ್ನು ಬಲದ ಹಾಗೆಯೇ ಬರೆದಳು, ಹುರಿಗೊಂಡ ಹಗ್ಗದ ಹಾಗೆ. ಬಿದ್ದವನ ಭಯವನ್ನೂ ಬಿಡಲಿಲ್ಲ. ನಡುವೆ ವಸ್ತಾದಿಯನ್ನು ಬರೆದಳು, ಮೂಗು ಬಾಗಿಲ ಈ ಕಡೆಯಿಂದ ಹೊರಟು ಚೌಕಟ್ಟಿನ ಮೇಲಿಂದ ಹಾದು ಆ ಕಡೆಗೆ ಮುಟ್ಟಿತ್ತು. ವಸ್ತಾದಿ ಹತ್ತಿರ ಬಂದು ನೋಡಿದ.

"ನನ್ನ ಮೂಗು ಇಷ್ಟು ದೊಡ್ಡದೈತೇನ ಹುಡುಗಿ?"

"ಇನ್ನಾ ದೊಡ್ಡದೈತಿ ವಸ್ತಾದಿ. ಗ್ವಾಡಿ ಸಾಲಲಿಲ್ಲ."

ವಸ್ತಾದಿ ನಕ್ಕದ್ದನ್ನು ಊರು ಕಂಡದ್ದು ಅಂದೇ ಮೊದಲಂತೆ. ಸುಣ್ಣದ ಗಡಿಗೆಯನ್ನು ಅವನೇ ಒದ್ದು ಉರುಳಿಸಿದ. ಬೇರೆ ಊರಿನ ಚಿತ್ರಗಾರರು ಬರಲಿಲ್ಲ. ಆ ಊರಿನ ತೊಟ್ಟಿಲು, ಬಾಗಿಲು ಎಲ್ಲವನ್ನೂ ಗಿರೆವ್ವ ಮುಪ್ಪಾಗುವ ತನಕ ಬರೆದಳಂತೆ.

ಈಗಲೂ ಹಿರೇಬಾವಿಯಲ್ಲಿ ಪಂಚಮಿಯ ನಸುಕಿಗೆ ಪೈಲ್ವಾನರು ಗರಡಿಗೆ ಸುಣ್ಣ ಬಳಿದು ಪಕ್ಕಕ್ಕೆ ನಿಲ್ಲುತ್ತಾರೆ. ಸುಣ್ಣ ಒಣಗುವ ಮೊದಲು ಊರಿನ ಹುಡುಗಿಯರು ಬಂದು, ಹಿಂದಿನ ವರ್ಷ ಗೆದ್ದವರನ್ನು ಸೊಟ್ಟಸೊಟ್ಟಗೆ ಬರೆಯುತ್ತಾರೆ. ಗೆದ್ದವನು ಹಾರ ಹಾಕಿಕೊಂಡು ತನ್ನ ಚಿತ್ರದ ಪಕ್ಕ ನಿಲ್ಲಬೇಕು. ಸಿಟ್ಟಾದರೆ ಹಾರ ಕಿತ್ತುಕೊಳ್ಳುತ್ತಾರೆ. ಆಮೇಲೆ ಹುಡುಗಿಯರೆಲ್ಲ ಒಳಗೆ ಹೋಗಿ ಕೂತು ಕುಸ್ತಿ ನೋಡುತ್ತಾರೆ.

ಆ ಊರಿನ ಗಂಡಸರು ಈ ಕತೆಯನ್ನು ಸ್ವಲ್ಪ ಬೇರೆ ಹೇಳುತ್ತಾರಂತೆ. ವಸ್ತಾದಿ ದೊಡ್ಡ ಮನಸ್ಸು ಮಾಡಿ ಗಿರೆವ್ವನನ್ನು ಒಳಗೆ ಕರೆದ ಅನ್ನುತ್ತಾರಂತೆ.

ಸುನಂದಾ, ಬಾರವ್ವ ಇಲ್ಲಿ. ನಿನ್ನ ಅಜ್ಜಿಗೆ ಕೈ ನಡುಗುತ್ತದೆ, ನೀನು ಇದನ್ನು ಬರಿ. ಕನ್ನಡದ ಅಕ್ಷರ ಬರದಿದ್ದರೆ ನಿನಗೆ ಬರುವ ಅಕ್ಷರದಲ್ಲೇ ಬರಿ. ಒಳಗೆ ಕರೆದರು ಅಂತ ಮಾತ್ರ ಬರೀಬೇಡ. ಹೋದಳು ಅಂತ ಬರಿ.