ನೇರ ನೋಡಿದರೆ ಮರೆಯಾಗುವ ಚುಕ್ಕಿ

ಲೋಕ ಆಗಷ್ಟೇ ಹೊಸದಾಗಿತ್ತು. ಬೆಟ್ಟಗಳ ಮಣ್ಣು ಇನ್ನೂ ಹಸಿ. ಯಾವ ಕಡೆ ಹರಿಯಬೇಕೆಂದು ಹೊಳೆಗಳಿಗೇ ಸರಿಯಾಗಿ ಗೊತ್ತಿರಲಿಲ್ಲ, ಪಾಪ, ದಾರಿ ಕೇಳಿಕೊಂಡು ಹೋಗುತ್ತಿದ್ದವು.

ಆ ಕಾಲದಲ್ಲಿ ಚುಕ್ಕಿಗಳಿಗೆ ಬೆಂಕಿ ಕೊಡುತ್ತಿದ್ದವಳು ಇರುಳಜ್ಜಿ. ಒಬ್ಬೊಬ್ಬರಿಗೂ ಒಂದೊಂದು ಕೆಂಡ. ಬೆಳಗಾದಾಗ ಕೆಂಡದ ಮೇಲೆ ಬೂದಿ ಮುಚ್ಚಿ ಮಲಗಬೇಕು. ಸಂಜೆ ಎದ್ದು ಬೂದಿ ಊದಬೇಕು. ಅಷ್ಟೇ ಕೆಲಸ.

ಎಲ್ಲರಿಗಿಂತ ಚಿಕ್ಕವಳು ಮಿಣುಕಿ. ಅವಳ ನೇರ ಕೆಳಗೆ, ಬಯಲಿನ ಕಲ್ಲುಗಳ ನಡುವೆ, ಟಿಟ್ಟಿಭ ಹಕ್ಕಿ ನಾಲ್ಕು ಮೊಟ್ಟೆ ಇಟ್ಟಿತ್ತು. ಗೂಡಿಲ್ಲ, ಗೋಡೆಯಿಲ್ಲ, ಕಲ್ಲಿನ ಬಣ್ಣದ್ದೇ ಮೊಟ್ಟೆ. ನೀರಿಗೆ ಹೋದ ಹಕ್ಕಿ ಕತ್ತಲಾದ ಮೇಲೆ ಮಿಣುಕಿಯ ಗುರುತು ಹಿಡಿದೇ ಮನೆ ಸೇರುತ್ತಿತ್ತು.

ಒಂದು ಬೆಳಗ್ಗೆ ಮಿಣುಕಿಗೆ ಕಣ್ಣೆಳೆಯುತ್ತಿತ್ತು. "ಒಂದಿನ ಬೂದಿ ಮುಚ್ಚದಿದ್ರೆ ಏನಾಗುತ್ತೆ?" ಅಂದುಕೊಂಡು ಹಾಗೇ ಮಲಗಿಬಿಟ್ಟಳು.

ಏನಾಗುತ್ತೆ? ಕೆಂಡ ಉರಿದು ಉರಿದು ಆರಿಹೋಯಿತು.

ಅಂದು ಸಂಜೆ ಹಕ್ಕಿ ಕೂಗುತ್ತಾ ಬಯಲೆಲ್ಲ ಸುತ್ತಿತು. ಮನೆ ಸಿಗುವ ಹೊತ್ತಿಗೆ ನರಿ ಬಂದು ಹೋಗಿತ್ತು. ಉಳಿದದ್ದು ಮೂರು ಮೊಟ್ಟೆ.

"ಯಾಕೇ ಆರಿತು?" ಇರುಳಜ್ಜಿ ಕೇಳಿದಳು.

"ಗಾಳಿಯಣ್ಣ ಊದಿಬಿಟ್ಟ, ಅಜ್ಜಿ."

ಎಲ್ಲರೂ ನಂಬಿದರು. ಗಾಳಿಯ ಮೇಲೆ ಏನು ಹೇಳಿದರೂ ನಂಬುವುದು ಸುಲಭ.

ಮರುದಿನ ಸಂಜೆ ಗಾಳಿ ಬಂದ. ಮೈಯೆಲ್ಲ ಉಪ್ಪು, ಹೆಗಲ ಮೇಲೆ ಮೋಡ. "ನಾನಾ? ಮೋಡ ತರೋಕೆ ಕಡಲಿಗೆ ಹೋಗಿದ್ದೆನಲ್ಲಜ್ಜಿ! ಈಗ ತಾನೇ ಬರ್ತಿದೀನಿ."

ಆಕಾಶದ ಅಷ್ಟೂ ಚುಕ್ಕಿಗಳು ತಿರುಗಿ ಮಿಣುಕಿಯನ್ನು ನೋಡಿದವು.

"ನೋಡೋಕೆ ಇಷ್ಟೇ ಇಷ್ಟಿದಾಳೆ," ಅಂದಿತು ಒಂದು.

"ಸುಳ್ಳು ಮಾತ್ರ ನಮ್ಮೆಲ್ಲರಿಗಿಂತ ದೊಡ್ಡದು," ಅಂದಿತು ಇನ್ನೊಂದು.

ಮಿಣುಕಿಗೆ ಎಲ್ಲಿ ಮುಖ ಇಡಬೇಕೋ ತಿಳಿಯಲಿಲ್ಲ. ಇರುಳಜ್ಜಿ ಬೈಯಲಿಲ್ಲ, ಹೊಸ ಕೆಂಡ ಕೊಟ್ಟಳು. ಆದರೆ ಯಾರಾದರೂ ಈ ಕಡೆ ನೋಡಿದರೆ ಸಾಕು, ಮಿಣುಕಿ ಸರಕ್ಕನೆ ಮೈಮೇಲೆ ಬೂದಿ ಎಳೆದುಕೊಳ್ಳುವಳು. ನೋಡಿದರು, ಬೂದಿ. ಮತ್ತೆ ನೋಡಿದರು, ಮತ್ತೆ ಬೂದಿ.

ಕೆಳಗಿನಿಂದ ಹಕ್ಕಿ ಕೂಗಿತು. "ಮಿಣುಕಿ, ಕತ್ತಲಾಯ್ತು. ಇನ್ನೂ ಮೂರಿದಾವೆ ಕಣೇ."

"ನನ್ನ ನೋಡಬೇಡಕ್ಕ," ಬೂದಿಯೊಳಗಿಂದ ಸಣ್ಣ ದನಿ ಬಂತು. "ಗಾಳಿಯಣ್ಣ ಅಲ್ಲ. ನಾನೇ ಬೂದಿ ಮುಚ್ಚಿರಲಿಲ್ಲ."

"ಗೊತ್ತು."

ಹಕ್ಕಿ ಕತ್ತು ವಾರೆ ಮಾಡಿ, ಮಿಣುಕಿಯ ಪಕ್ಕದ ಬರಿ ಕತ್ತಲನ್ನು ನೋಡತೊಡಗಿತು. "ಇಗೋ, ನಿನ್ನ ನೋಡ್ತಿಲ್ಲ. ಆ ಕಡೆ ನೋಡ್ತಿದೀನಿ. ನೀನು ನಿನ್ನ ಕೆಲಸ ಮಾಡಮ್ಮ."

ಮಿಣುಕಿ ಬೂದಿಯ ಅಂಚು ಸರಿಸಿದಳು. ಹಕ್ಕಿ ಅಲ್ಲಾಡಲಿಲ್ಲ. ಇನ್ನಷ್ಟು ಸರಿಸಿದಳು. ಹಕ್ಕಿಯ ಕಣ್ಣಂಚಿನಲ್ಲಿ ಸಣ್ಣ ಬೆಳಕು ಮೂಡಿತು. ಆ ಬೆಳಕನ್ನು ಕಣ್ಣಂಚಿನಲ್ಲೇ ಇಟ್ಟುಕೊಂಡು ಅದು ಕಲ್ಲುಗಳ ಮೇಲೆ ಹಾರಿತು, ಇಳಿಯಿತು, ಮೂರು ಮೊಟ್ಟೆಗಳ ಮೇಲೆ ಮೆಲ್ಲಗೆ ಕೂತಿತು.

ಕ್ಷಮಿಸಿದೆ ಅಂತ ಹಕ್ಕಿ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಆದರೆ ಮೂರು ಮರಿಗಳಿಗೂ ಕತ್ತು ವಾರೆ ಮಾಡುವುದನ್ನು ಕಲಿಸಿತು. ಮಿಣುಕಿಯನ್ನು ನೋಡಿ ಚಿಕ್ಕ ಚುಕ್ಕಿಗಳೆಲ್ಲ ಬೂದಿ ಎಳೆದುಕೊಳ್ಳುವುದನ್ನು ಕಲಿತವು.

ಅದಕ್ಕೇ ಮಗೂ, ಚುಕ್ಕಿ ನೋಡಲು ದುರ್ಬೀನು ಬೇಡ, ಸ್ವಲ್ಪ ಮರ್ಯಾದೆ ಸಾಕು. ತಾರಸಿಯ ದೀಪ ಆರಿಸು, ಅಪ್ಪನ ಮೊಬೈಲನ್ನು ಕೆಳಗೇ ಬಿಟ್ಟು ಬಾ, ಕಣ್ಣಿಗೆ ಕತ್ತಲು ಒಗ್ಗುವವರೆಗೆ ಸುಮ್ಮನೆ ಕೂರು. ಇದೆಯೋ ಇಲ್ಲವೋ ಅನ್ನುವಂಥ ಚಿಕ್ಕ ಚುಕ್ಕಿಯೊಂದನ್ನು ಹುಡುಕಿ ನೇರ ನೋಡು, ಅದು ಇವತ್ತಿಗೂ ನಾಚಿ ಬೂದಿ ಎಳೆದುಕೊಳ್ಳುತ್ತದೆ. ಪಕ್ಕದ ಕತ್ತಲನ್ನು ನೋಡುತ್ತಿರುವವಳ ಹಾಗೆ ಕಣ್ಣು ಒಂದಿಷ್ಟು ಸರಿಸು, ಮೆಲ್ಲಗೆ ಮತ್ತೆ ಹೊಳೆಯುತ್ತದೆ.