ಏರಿಸಿದ ಬಿಸಿಲು

"ಗುರುಗಳೇ, ಜೊತೆಯವನಿಗೆ ಕೆಟ್ಟದ್ದಾಗಲಿ ಎಂದು ಮಾಡಿದ ಕೆಲಸದಿಂದ ಅವನಿಗೆ ಒಳ್ಳೆಯದೇ ಆದರೆ, ಮಾಡಿದವನಿಗೆ ಅದರ ಪುಣ್ಯ ಬರುವುದಿಲ್ಲವೇ?" ಎಂದು ಚೆನ್ನವೀರನೆಂಬ ಶಿಷ್ಯ ಕೇಳಿದ.

ಗುರುಗಳು ಅವನನ್ನೊಮ್ಮೆ ನೋಡಿ, "ಕೂತುಕೋ" ಎಂದು ಕತೆ ಹೇಳಿದರು.

ಒಂದು ಆಸ್ಪತ್ರೆಯಲ್ಲಿ ರೋಗಿಗಳ ಕಡೆಯವರು ಕಾದು ಕೂರಲು ಅಂಗಳ ಬೇಕಿತ್ತು. ಒಂದೇ ಕಚೇರಿಯ ಒಬ್ಬ ನಕ್ಷೆಗಾರ, ಒಬ್ಬ ನಕ್ಷೆಗಾರ್ತಿ ಅದಕ್ಕೆ ಬೇರೆಬೇರೆ ನಕ್ಷೆ ಬರೆದರು. ಯಾರ ಅಂಗಳ ಹೆಚ್ಚು ತಂಪೋ ಅದನ್ನೇ ಕಟ್ಟುವುದೆಂದು ಆಸ್ಪತ್ರೆಯ ಹಿರಿಯರು ತೀರ್ಮಾನಿಸಿದ್ದರು.

ನಕ್ಷೆಗಾರನಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಪಾಪ, ಅವಳೇನು ಅವನ ತಂಟೆಗೆ ಹೋದವಳಲ್ಲ. ಅವನಿಗಿಂತ ತಡವಾಗಿ ಕೆಲಸಕ್ಕೆ ಸೇರಿ, ಅವನಿಗಿಂತ ಮೊದಲು ಹೆಸರು ಮಾಡಿದಳು, ಅಷ್ಟೇ. ಹೊಟ್ಟೆಕಿಚ್ಚಿಗೆ ಅಷ್ಟು ಸಾಕು. ಯಾರಾದರೂ ಅವಳನ್ನು ಹೊಗಳಿದ ದಿನ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಕಟ್ಟುವ ಮೊದಲೇ ಅಂಗಳದ ಕಾವನ್ನು ತೋರಿಸುವ ತಂತ್ರಾಂಶವೊಂದು ಅವರ ಕಂಪ್ಯೂಟರಿನಲ್ಲಿತ್ತು. ಅದಕ್ಕೆ ನಕ್ಷೆ ಕೊಡಬೇಕು, ಊರಿನ ಬಿಸಿಲನ್ನೂ ಕೊಡಬೇಕು. ಲೆಕ್ಕ ಶುರುವಾಗುವ ಮುಂಚೆ, ದಿನದ ಬಿಸಿಲೆಲ್ಲ ಒಂದು ಗೆರೆಯಾಗಿ ಪರದೆಯ ಮೇಲೆ ಮೂಡುತ್ತದೆ. ಬೇಕಾದರೆ ಆ ಗೆರೆಯನ್ನು ಏರಿಸಬಹುದು, ಇಳಿಸಬಹುದು.

ಅವಳು ಊಟಕ್ಕೆ ಎದ್ದು ಹೋದಾಗ ಅವನು ಅವಳ ಕಂಪ್ಯೂಟರಿನಲ್ಲಿ ಬಿಸಿಲಿನ ಗೆರೆಯನ್ನು ಏರಿಸಿಟ್ಟ. ಅವಳು ಬಂದು ಲೆಕ್ಕ ಹಾಕಿಸಿದಳು. ಅಂಗಳವೆಲ್ಲ ಕೆಂಪಾಗಿ ಕಾದು ಕಂಡಿತು. ಅವನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು.

ಅವಳು ನಕ್ಷೆ ತಿದ್ದಿದಳು. ಚಪ್ಪರ ಮುಂದಕ್ಕೆ ಚಾಚಿದಳು, ಕಲ್ಲುಹಾಸು ತೆಗೆದು ಹುಲ್ಲು ಹಾಕಿದಳು, ಪಡುವಣಕ್ಕೆ ಹೊಂಗೆಮರಗಳನ್ನು ಸೇರಿಸಿದಳು. ಕೊನೆಗೆ ಆ ಸುಡುಬಿಸಿಲಿನಲ್ಲೂ ಅವಳ ಅಂಗಳ ತಂಪಾಯಿತು. ಅವನ ಅಂಗಳ ಮಾಮೂಲಿ ಬಿಸಿಲಿನಲ್ಲೂ ಅಷ್ಟು ತಂಪಿರಲಿಲ್ಲ. ಹಿರಿಯರು ಅವಳದ್ದನ್ನೇ ಕಟ್ಟಿಸಿದರು.

ಮರಗಳು ಬೆಳೆದ ಮೇಲೆ ಒಂದು ವರ್ಷ ಊರು ಕಂಡರಿಯದ ಬೇಸಿಗೆ ಬಂತು. ಈಗಲಾದರೂ ಒಂದು ಕುಂದು ಸಿಕ್ಕೀತೆಂದು ಅವನು ಮಟಮಟ ಮಧ್ಯಾಹ್ನ ಆ ಅಂಗಳಕ್ಕೆ ಹೋದ. ಜನ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಅವಳೂ ಅಲ್ಲಿದ್ದಳು. ಪಕ್ಕದಲ್ಲಿ ಜಾಗ ಮಾಡಿಕೊಟ್ಟು ಕೂರಿಸಿದಳು.

ಅವನಿಗೆ ತಡೆಯಲಾಗಲಿಲ್ಲ. "ಅವತ್ತು ಲೆಕ್ಕಕ್ಕೆ ಮುಂಚೆ ನೀನು ಬಿಸಿಲಿನ ಗೆರೆ ನೋಡಲೇ ಇಲ್ಲವೇನಮ್ಮ?" ಎಂದ.

"ನೋಡಿದ್ದೆ ಸರ್. ಯಾರೋ ಏರಿಸಿಟ್ಟಿದ್ದರು. ಇಂಥ ಬಿಸಿಲು ಒಂದಲ್ಲ ಒಂದು ವರ್ಷ ಬಂದೇ ಬರುತ್ತದೆ, ಇರಲಿ ಅಂತ ಹಾಗೇ ಬಿಟ್ಟೆ," ಎಂದಳು.

ಅವನು ಎದ್ದ. ಅವಳು ಕರೆದರೂ ತಿರುಗಲಿಲ್ಲ. ಗೇಟಿನ ಹೊರಗೆ, ಬಿಸಿಲಿನಲ್ಲಿ ಹೋಗಿ ನಿಂತ.

ಕತೆ ಮುಗಿಯಿತು. ಚೆನ್ನವೀರನ ಮುಖ ಅರಳಿತ್ತು. "ನೋಡಿದಿರಾ ಗುರುಗಳೇ, ಅವನಿಂದಲೇ ಅಂಗಳ ತಂಪಾಯಿತು. ಹಾಗಾದರೆ ಪುಣ್ಯದಲ್ಲಿ ಅವನಿಗೂ ಪಾಲಿದೆ" ಎಂದ.

ಗುರುಗಳು ಹೇಳಿದರು: "ಅವನ ಮಾತು ಹಾಗಿರಲಿ, ಈಗ ನೀನು ಯಾರ ಬಿಸಿಲು ಏರಿಸಿ ಬಂದೆ, ಅದನ್ನು ಹೇಳು."